ಹಲ್ಲಿಗೆ ಹಲ್ಲು ಕೂಡಬೇಕು: ಗಿರಣಿ ಇಂಜಿನ್ ಕಟ್ಟಿಸುವ ಸಂಘಗಳಿಗೆ ಒಂದು ಪಾಠ



ಉಳಿತಾಯ, ಠರಾವು ಪುಸ್ತಕ, ಸಾಲ ಮರುಪಾವತಿ ಇವುಗಳ ಬಗ್ಗೆ ಸಭೆಗಳಲ್ಲಿ ನಾವು ಮಾತಾಡುತ್ತಲೇ ಇರುತ್ತೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಇದು ಇಂಜಿನ್ ಬಗ್ಗೆ. "ಇಂಜಿನ್ ಸುದ್ದಿ ನಮಗ್ಯಾಕ್ರೀ, ಅದು ಗಂಡಸರ ಕೆಲಸ" ಅಂತ ಪುಟ ಮಗುಚಬೇಡಿ. ಗಿರಣಿಗೆ ತೆಗೆದ ಸಾಲದ ಕಾಗದಕ್ಕೆ ಸಹಿ ಮಾಡಿದವರು ನಾವು. ಕಂತು ಕಟ್ಟುವವರೂ ನಾವೇ. ಹಂಗಿದ್ದ ಮ್ಯಾಲೆ ಆ ಸಾಲದಿಂದ ಬಂದ ಯಂತ್ರ ಯಾಕೆ ಕೆಡುತ್ತದೆ, ರಿಪೇರಿ ಸರಿಯಾಗಿ ಆಯಿತೋ ಇಲ್ಲವೋ ಅನ್ನುವುದನ್ನು ತಿಳಿದುಕೊಳ್ಳುವುದೂ ನಮ್ಮದೇ ಕೆಲಸ.

ಈ ಪಾಠ ಓದಿದ ಮೇಲೆ ನಿಮಗೆ ಮೂರು ವಿಷಯ ಗೊತ್ತಾಗಬೇಕು:
1. ಇಂಜಿನ್‌ನ ಕ್ಯಾಮ್‌ಶಾಫ್ಟ್ ಅಂದರೆ ಏನು, ಅದರ ಟೈಮಿಂಗ್ ಅಂದರೆ ಏನು.
2. ಬಿಚ್ಚಿ ಕಟ್ಟಿದ ಇಂಜಿನ್‌ನಲ್ಲಿ ಟೈಮಿಂಗ್ ತಪ್ಪಿದ್ದರೆ ಹೇಗೆ ಕಂಡುಹಿಡಿಯಬೇಕು.
3. ಇಂಜಿನ್ ಕಟ್ಟಿಸುವಾಗ ಸಂಘವು ಯಾವ ಎಚ್ಚರಿಕೆ ತೆಗೆದುಕೊಳ್ಳಬೇಕು.

ಒಂದು ಸಂಘದ ಕಥೆ

ಯರಗಟ್ಟಿ ಸುತ್ತಿನ ಒಂದು ಹಳ್ಳಿ. ಅಲ್ಲಿನ ಸಂಘದವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಕರೆಂಟ್ ಮೋಟಾರ್ ಇತ್ತು, ಆದರೆ ಕರೆಂಟ್ ಹೋದಾಗ ಜೋಳ ಹೊತ್ತುಕೊಂಡು ಬಂದ ಹೆಣ್ಣುಮಕ್ಕಳು ಸರದಿಯಲ್ಲಿ ಕೂತೇ ಇರಬೇಕಾಗುತ್ತಿತ್ತು. ಅದಕ್ಕಾಗಿ ಒಂದು ಹಳೆಯ 5 ಎಚ್‌ಪಿ ಡೀಸೆಲ್ ಇಂಜಿನ್ ಕೊಂಡು ತಂದರು. ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಎಣ್ಣೆ ಕುಡಿಯತೊಡಗಿತು, ನೀಲಿ ಹೊಗೆ ಬಂತು. ಮಿಸ್ತ್ರಿಯನ್ನು ಕರೆಸಿ ಇಂಜಿನ್ ಪೂರಾ ಬಿಚ್ಚಿಸಿ, ಲೈನರ್, ಪಿಸ್ಟನ್, ರಿಂಗು ಹೊಸದು ಹಾಕಿಸಿದರು. ಒಳಗಿನ ಒಂದು ಗಿಯರಿನ ಹಲ್ಲು ಸವೆದಿತ್ತು, ಅದನ್ನೂ ಬದಲಿಸಿದರು.

ಇಂಜಿನ್ ಶುರುವಾಯಿತು, ಆದರೆ ಮೊದಲಿನ ಬಲ ಇರಲಿಲ್ಲ. ಬೆಳಗಿನ ಹೊತ್ತು ಹ್ಯಾಂಡಲ್ ಹೊಡೆದು ಹೊಡೆದು ರಟ್ಟೆ ಸೋಲುತ್ತಿತ್ತು. ಕಣ್ಣು ಉರಿಯುವ ಬಿಳಿ ಹೊಗೆ ಬರುತ್ತಿತ್ತು. ಜೋಳ ಸುರಿದ ಕೂಡಲೇ ಕಪ್ಪು ಹೊಗೆ ಬಿಟ್ಟು ಇಂಜಿನ್ ಕುಗ್ಗುತ್ತಿತ್ತು. ಮಿಸ್ತ್ರಿ ಎರಡು ಸಲ ಬಂದು ಡೀಸೆಲ್ ಪಂಪಿನ ಕೆಳಗಿನ ತೆಳು ತಗಡು ತೆಗೆದು ನೋಡಿದ. ಹೊಗೆ ಸ್ವಲ್ಪ ಇಳಿಯಿತು, ಬಲ ಬರಲಿಲ್ಲ. "ಹಳೇ ಇಂಜಿನ್ ಐತ್ರೀ, ಇಷ್ಟs ಅದು" ಅಂತ ಹೇಳಿ ಹೋದ.

ತಿಂಗಳ ಲೆಕ್ಕಕ್ಕೆ ಕೂತಾಗ ಜಗಳ ಶುರುವಾಯಿತು. ಮೊದಲು 10 ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ತಾಸು ಗಿರಣಿ ನಡೆಯುತ್ತಿತ್ತು. ಈಗ 7 ತಾಸಿಗೇ ಖಾಲಿ. "ಉಳಿದ 3 ಲೀಟರ್ ಎಲ್ಲಿ ಹೋತು?" ಅಂತ ಒಬ್ಬರು ಕೇಳಿದರು. ಯಾರೂ ಹೆಸರು ಹೇಳಲಿಲ್ಲ, ಆದರೆ ಎಲ್ಲರ ಕಣ್ಣು ಗಿರಣಿ ನೋಡಿಕೊಳ್ಳುವ ಅಕ್ಕನ ಮೇಲೆ ಹೋಯಿತು. ಆಕೆ ಕೀಲಿಕೈ ಚಾಪೆಯ ಮೇಲೆ ಇಟ್ಟು, "ನಾಳಿಂದ ನಾ ಬರಂಗಿಲ್ಲ" ಅಂದು ಎದ್ದು ಹೋದಳು.

ಮುಂದಿನ ವಾರ ನಾವು ಆ ಸಭೆಗೆ ಹೋಗಿ ಕೂತೆವು. ಆ ಕಥೆ ಹೇಗೆ ಮುಗಿಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇವೆ. ಅದಕ್ಕೂ ಮೊದಲು ಇಂಜಿನ್ ಒಳಗೆ ಏನಾಗುತ್ತದೆ ನೋಡೋಣ.

ನಮ್ಮ ಸೀಮೆಗೆ ಇಂಜಿನ್ ಹೊಸದಲ್ಲ

ಇಂಜಿನ್ ಅಂದರೆ ಎಲ್ಲಿಂದಲೋ ಬಂದದ್ದು ಅಂತ ಹೆದರಬೇಕಾಗಿಲ್ಲ. ಹಳ್ಳಿಗಳ ಡೀಸೆಲ್ ಇಂಜಿನ್ ಮೇಲೆ ನಾವು ಮತ್ತೆ ಮತ್ತೆ ಕಾಣುವ ಹೆಸರು ಕಿರ್ಲೋಸ್ಕರ್. ಆ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮ ಸವದತ್ತಿ ಭಾಗದ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರು ಮಾಡಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಾರಖಾನೆ ಈಗಿನ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿಗೆ ಹೋಯಿತು. 1946ರಲ್ಲಿ ಅದೇ ಮನೆತನದವರು ಪುಣೆಯಲ್ಲಿ ಡೀಸೆಲ್ ಇಂಜಿನ್ ಕಂಪನಿ ಸ್ಥಾಪಿಸಿದರು. ಬೆಳಗಾವಿಯ ಉದ್ಯಮಬಾಗದಲ್ಲಿ ಇಂದಿಗೂ ಇಂಜಿನ್ ಬಿಡಿಭಾಗಗಳ ಎರಕ, ಲೇಥ್ ಕೆಲಸ ನಡೆಯುತ್ತದೆ. ನೇಗಿಲು ಮಾಡುತ್ತಾ ಇಂಜಿನ್‌ವರೆಗೆ ಹೋದವರು ನಮ್ಮ ಮಣ್ಣಿನಲ್ಲೇ ಹುಟ್ಟಿದವರು.

ಇಂಜಿನ್ ಹೇಗೆ ಉಸಿರಾಡುತ್ತದೆ?

ಡೀಸೆಲ್ ಇಂಜಿನ್‌ನ ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದು ನಾಲ್ಕು ಸಲ ಓಡಾಡಿದರೆ ಒಂದು ಸುತ್ತಿನ ಕೆಲಸ ಮುಗಿದಂತೆ:

- ಪಿಸ್ಟನ್ ಕೆಳಗೆ ಬರುವಾಗ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. (ಗಾಳಿ ವಾಲ್ವ್ ತೆರೆದಿರಬೇಕು.)
- ಮೇಲೆ ಹೋಗುವಾಗ ಆ ಗಾಳಿಯನ್ನು ಅದುಮುತ್ತದೆ. (ಎರಡೂ ವಾಲ್ವ್ ಮುಚ್ಚಿರಬೇಕು.)
- ಅದುಮಿದ ಗಾಳಿ ಕೆಂಡದಂತೆ ಕಾದಿರುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಗಿರಣಿಯ ಕಲ್ಲು ತಿರುಗುವುದು ಈ ಒಂದು ನೂಕಿನಿಂದಲೇ.
- ಮತ್ತೆ ಮೇಲೆ ಬರುವಾಗ ಸುಟ್ಟ ಹೊಗೆಯನ್ನು ಹೊರಗೆ ತಳ್ಳುತ್ತದೆ. (ಹೊಗೆ ವಾಲ್ವ್ ತೆರೆದಿರಬೇಕು.)

ಈ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಯುವುದು, ಮುಚ್ಚುವುದು ಯಾರ ಕೆಲಸ? ಅದು ಕ್ಯಾಮ್‌ಶಾಫ್ಟಿನ ಕೆಲಸ. ಕ್ಯಾಮ್‌ಶಾಫ್ಟ್ ಅಂದರೆ ಒಂದು ಉಕ್ಕಿನ ದಂಡ. ಅದರ ಮೇಲೆ ತತ್ತಿಯ ಆಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಾಗ ಉಬ್ಬು ಮೇಲೆ ಬಂದು ಪುಶ್‌ರಾಡ್ ಎಂಬ ಕಡ್ಡಿಯನ್ನು ಎತ್ತುತ್ತದೆ. ಕಡ್ಡಿ ರಾಕರನ್ನು ಎತ್ತುತ್ತದೆ, ರಾಕರಿನ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ನಮ್ಮ ಗಿರಣಿಗಳಲ್ಲಿ ಇರುವಂಥ ಅನೇಕ ಚಿಕ್ಕ ಇಂಜಿನ್‌ಗಳಲ್ಲಿ ಡೀಸೆಲ್ ಪಂಪನ್ನು ಒತ್ತುವ ಉಬ್ಬೂ ಇದೇ ದಂಡದ ಮೇಲೆ ಇರುತ್ತದೆ.

ಪಿಸ್ಟನ್ನಿಗೆ ಸೇರಿದ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಅದಕ್ಕೇ ಕ್ಯಾಮ್ ಗಿಯರಿನಲ್ಲಿ ಹಲ್ಲುಗಳು ಎರಡು ಪಟ್ಟು ಇರುತ್ತವೆ. ಇಂಜಿನ್ ಮಿನಿಟಿಗೆ 1500 ಸುತ್ತು ತಿರುಗಿದರೆ ಪ್ರತಿ ವಾಲ್ವ್ ಮಿನಿಟಿಗೆ 750 ಸಲ ತೆರೆದು ಮುಚ್ಚಬೇಕು.

ಇದನ್ನು ಒಂದೇ ಒರಳಿನಲ್ಲಿ ಇಬ್ಬರು ಒನಕೆ ಹಾಕುವುದಕ್ಕೆ ಹೋಲಿಸಬಹುದು. ನಮ್ಮ ಅವ್ವಂದಿರು ಖಾರ ಕುಟ್ಟುವಾಗ ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುತ್ತಿತ್ತು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತಿತ್ತು. ಇಂಜಿನ್‌ನಲ್ಲಿ ಈ ಲಯಕ್ಕೇ ಟೈಮಿಂಗ್ ಎನ್ನುತ್ತಾರೆ. ಅದು ತೀರಾ ತಪ್ಪಿದರೆ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ, ಇಲ್ಲವೇ ಪುಶ್‌ರಾಡ್ ಬಾಗುತ್ತದೆ.

ಒಂದು ಹಲ್ಲು ಅಂದರೆ ಎಷ್ಟು?

ಕ್ರ್ಯಾಂಕ್ ಗಿಯರಿನ ಒಂದು ಹಲ್ಲಿನ ಮೇಲೆ ಚುಕ್ಕೆಯೋ ಗೀರೋ ಇರುತ್ತದೆ. ಕ್ಯಾಮ್ ಗಿಯರಿನ ಎರಡು ಹಲ್ಲುಗಳ ನಡುವೆ ಅದಕ್ಕೆ ಜೋಡಿಯಾದ ಗುರುತು ಇರುತ್ತದೆ. ಕಟ್ಟುವಾಗ ಈ ಎರಡೂ ಗುರುತು ಎದುರುಬದುರು ಕೂಡಬೇಕು. ಒಂದು ಹಲ್ಲು ಆಚೀಚೆ ಆದರೂ ಗಿಯರ್ ಕೂತುಕೊಳ್ಳುತ್ತದೆ, ಮುಚ್ಚಳ ಹಾಕಿದ ಮೇಲೆ ಯಾರಿಗೂ ಕಾಣುವುದಿಲ್ಲ. ಮೋಸ ಆಗುವುದು ಇಲ್ಲಿಯೇ.

ಲೆಕ್ಕ ಹಾಕೋಣ. ಕ್ರ್ಯಾಂಕ್ ಗಿಯರಿಗೆ 25 ಹಲ್ಲು, ಕ್ಯಾಮ್ ಗಿಯರಿಗೆ 50 ಹಲ್ಲು ಇವೆ ಅಂತ ಇಟ್ಟುಕೊಳ್ಳಿ. ಒಂದು ಪೂರಾ ಸುತ್ತಿಗೆ 360 ಡಿಗ್ರಿ. 360ನ್ನು 25ರಿಂದ ಭಾಗಿಸಿದರೆ 14.4 ಡಿಗ್ರಿ. ಅಂದರೆ ಒಂದು ಹಲ್ಲು ತಪ್ಪಿದರೆ ವಾಲ್ವ್‌ಗಳೂ ಡೀಸೆಲ್ಲೂ 14 ಡಿಗ್ರಿಗಿಂತ ಹೆಚ್ಚು ಬೇಗ ಇಲ್ಲವೇ ತಡ ಆಗುತ್ತವೆ. ಇದು ಸಣ್ಣ ತಪ್ಪಲ್ಲ. ಇಂಥ ಅನೇಕ ಇಂಜಿನ್‌ಗಳಲ್ಲಿ ಗಾಳಿ ವಾಲ್ವ್ ತೆರೆಯಬೇಕಾದದ್ದು ಪಿಸ್ಟನ್ ತುದಿ ಮುಟ್ಟುವುದಕ್ಕೆ ಬರೀ 4–5 ಡಿಗ್ರಿ ಮುಂಚೆ.

ಲಕ್ಷಣಗಳು

ಒಂದು ಹಲ್ಲು ತಡವಾಗಿದ್ದರೆ: ಇಂಜಿನ್ ಬೇಗ ಹತ್ತುವುದಿಲ್ಲ. ತಣ್ಣಗಿದ್ದಾಗ ಬಿಳಿ ಹೊಗೆ, ಭಾರ ಬಿದ್ದಾಗ ಕಪ್ಪು ಹೊಗೆ ಬರುತ್ತದೆ. ಬಲ ಕಡಿಮೆಯಾಗುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ, ಸೈಲೆನ್ಸರ್ ವಿಪರೀತ ಕಾಯುತ್ತದೆ.

ಒಂದು ಹಲ್ಲು ಮುಂಚೆ ಇದ್ದರೆ: ಠಣ್ ಠಣ್ ಎಂದು ಸುತ್ತಿಗೆಯಿಂದ ಹೊಡೆದಂಥ ಸದ್ದು ಬರುತ್ತದೆ. ಹ್ಯಾಂಡಲ್ ಹೊಡೆಯುವಾಗ ಇಂಜಿನ್ ಉಲ್ಟಾ ಒದೆಯುತ್ತದೆ. ಇದು ಕೈ ಮುರಿಯುವ ಅಪಾಯ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಸುತ್ತಿ ಹಿಡಿಯಬಾರದು, ಐದೂ ಬೆರಳು ಒಂದೇ ಕಡೆ ಇರಲಿ.

ಆದರೆ ಇವೇ ಲಕ್ಷಣ ಬೇರೆ ದೋಷಗಳಿಂದಲೂ ಬರಬಹುದು. ಶುರುವಾಗಿ ಸ್ವಲ್ಪ ಹೊತ್ತಿಗೆ ನಿಂತುಹೋದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಫಿಲ್ಟರ್ ಕಟ್ಟಿರಬಹುದು. ನೀಲಿ ಹೊಗೆ ಬಂದು ಇಂಜಿನ್ ಆಯಿಲ್ ಇಳಿಯುತ್ತಿದ್ದರೆ ರಿಂಗು, ಲೈನರ್ ನೋಡಬೇಕು. ಕಪ್ಪು ಹೊಗೆಗೆ ಕೆಟ್ಟ ನೋಝಲ್ ಅಥವಾ ಮುಚ್ಚಿಹೋದ ಗಾಳಿ ಜಾಲರಿಯೂ ಕಾರಣ ಇರಬಹುದು. ಅದಕ್ಕೇ ಹೊಗೆ ನೋಡಿ ತೀರ್ಪು ಕೊಡದೆ ಪರೀಕ್ಷೆ ಮಾಡಬೇಕು. ಇಂಜಿನ್ ಕಟ್ಟುವ ಮೊದಲು ಚೆನ್ನಾಗಿ ನಡೆದು, ಕಟ್ಟಿದ ದಿನದಿಂದಲೇ ಹಠ ಹಿಡಿದಿದ್ದರೆ ಮಾತ್ರ ಮೊದಲ ಸಂಶಯ ಟೈಮಿಂಗ್ ಮೇಲೆ ಇರಲಿ. ಯಾಕಂದರೆ ಗಿಯರಿನ ಹಲ್ಲು ತಾನಾಗಿ ಜರುಗುವುದಿಲ್ಲ. ಬಿಚ್ಚಿ ಕೂಡಿಸುವಾಗಲೇ ಆ ತಪ್ಪು ಆಗುವುದು.

ಪರೀಕ್ಷೆ: ಹಂತ ಹಂತವಾಗಿ

ಮಿಸ್ತ್ರಿ ಮಾಡಲಿ, ನೀವು ನಿಂತು ನೋಡಿ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಪಾನಾ, ಫೀಲರ್ ಗೇಜ್, ಸೀಮೆಸುಣ್ಣ, ಮತ್ತು ನಮ್ಮ ಹೊಲಿಗೆ ಟೇಪು.

ಮೊದಲು ಎಚ್ಚರಿಕೆ. ಇಂಜಿನ್ ಪೂರಾ ತಣ್ಣಗಿರಲಿ. ಡೀಸೆಲ್ ಬಂದ್ ಮಾಡಿ. ಗಿರಣಿಯ ಪಟ್ಟಾ ತೆಗೆಯಿರಿ. ಸೆರಗು ಬಿಗಿದು ಸಿಗಿಸಿ, ಜಡೆ ಮೇಲೆ ಕಟ್ಟಿ. ಮಕ್ಕಳನ್ನು ಹೊರಗೆ ಕಳಿಸಿ.

ಹಂತ 1. ಕೈಯಿಂದ ಎರಡು ಸುತ್ತು. ಇಂಜಿನ್ ಕಟ್ಟಿದ ಮೇಲೆ, ಹ್ಯಾಂಡಲ್ ಹೊಡೆಯುವ ಮೊದಲು, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ಅದು ಓಡುವ ದಿಕ್ಕಿಗೇ ಎರಡು ಪೂರಾ ಸುತ್ತು ತಿರುಗಿಸಬೇಕು. ಒತ್ತಡ ಬಿಡುವ ಲಿವರ್ ಎತ್ತಿಟ್ಟರೆ ಸಲೀಸಾಗುತ್ತದೆ. ಎಲ್ಲಿಯಾದರೂ ಕಟ್ ಎಂದು ನಿಂತರೆ ಬಲ ಹಾಕಬೇಡಿ. ಒಳಗೆ ವಾಲ್ವಿಗೆ ಪಿಸ್ಟನ್ ತಾಗಿರಬಹುದು. ಅಲ್ಲಿಗೇ ನಿಲ್ಲಿಸಿ ಬಿಚ್ಚಿಸಿ.

ಹಂತ 2. ಪಿಸ್ಟನ್ ತುದಿ ಹುಡುಕುವುದು. ಫ್ಲೈವೀಲ್ ಮೇಲೆ ಪಿಸ್ಟನ್ ತುದಿ ಮುಟ್ಟಿದ್ದನ್ನು ತೋರಿಸುವ ಗೆರೆ ಇರುತ್ತದೆ. ಇಂಜಿನ್ ಮೈಮೇಲಿನ ಮುಳ್ಳಿಗೆ ಆ ಗೆರೆ ಕೂಡಬೇಕು. ಆದರೆ ಎರಡು ಸುತ್ತಿನಲ್ಲಿ ಈ ಗೆರೆ ಎರಡು ಸಲ ಬರುತ್ತದೆ. ಒಂದು ಸಲ ಎರಡೂ ವಾಲ್ವ್ ಮುಚ್ಚಿರುತ್ತವೆ, ರಾಕರ್‌ಗಳು ಎರಡೂ ಸಡಿಲಾಗಿರುತ್ತವೆ. ಇದು ಗಾಳಿ ಅದುಮಿದ ತುದಿ. ಇನ್ನೊಂದು ಸಲ ಹೊಗೆ ವಾಲ್ವ್ ಮುಚ್ಚುತ್ತಾ, ಗಾಳಿ ವಾಲ್ವ್ ತೆರೆಯುತ್ತಾ ಇರುತ್ತವೆ. ಇದನ್ನು ಕೂಡು ತುದಿ ಎನ್ನೋಣ. ಇವೆರಡನ್ನೂ ಅದಲುಬದಲು ಮಾಡಿಕೊಂಡರೆ ಮುಂದಿನ ಎಲ್ಲಾ ಅಳತೆ ತಪ್ಪು.

ಹಂತ 3. ಟ್ಯಾಪೆಟ್ ಸಂದು. ಗಾಳಿ ಅದುಮಿದ ತುದಿಯಲ್ಲಿ ನಿಲ್ಲಿಸಿ, ಲಿವರ್ ಇಳಿಸಿ, ರಾಕರ್ ಮತ್ತು ವಾಲ್ವ್ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಎಷ್ಟಿರಬೇಕು ಅನ್ನುವುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಅದು ಒಂದು ಮಿಲಿಮೀಟರಿನ ಸಣ್ಣ ಪಾಲು, ಕೂದಲೆಳೆಯ ಹಾಗೆ. ಸಂದು ಹೆಚ್ಚಾದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಇದನ್ನು ಸರಿ ಮಾಡದೆ ಮುಂದೆ ಹೋದರೆ ಟೈಮಿಂಗ್ ಸರಿ ಇದ್ದರೂ ತಪ್ಪು ಕಾಣುತ್ತದೆ.

ಹಂತ 4. ಕೂಡು ತುದಿ ನೋಡುವುದು. ಲಿವರ್ ಎತ್ತಿ ಇನ್ನೊಂದು ಸುತ್ತು ತಿರುಗಿಸಿ ಕೂಡು ತುದಿಗೆ ತಂದು ನಿಲ್ಲಿಸಿ. ಈಗ ಲಿವರ್ ಇಳಿಸಿ, ಯಾಕಂದರೆ ಅದು ಎತ್ತಿದ್ದಾಗ ಒಂದು ವಾಲ್ವನ್ನು ಒತ್ತಿ ಹಿಡಿದಿರುತ್ತದೆ. ಎರಡೂ ವಾಲ್ವ್ ಹೆಚ್ಚುಕಡಿಮೆ ಸಮನಾಗಿ, ತುಸುವೇ ಒತ್ತಿರಬೇಕು. ಗಾಳಿ ವಾಲ್ವ್ ಆಗಲೇ ಚೆನ್ನಾಗಿ ತೆರೆದು ಹೊಗೆ ವಾಲ್ವ್ ಪೂರಾ ಮುಚ್ಚಿದ್ದರೆ ಕ್ಯಾಮ್ ಮುಂಚೆ ಇದೆ. ಹೊಗೆ ವಾಲ್ವ್ ಇನ್ನೂ ತೆರೆದಿದ್ದು ಗಾಳಿ ವಾಲ್ವ್ ಅಲುಗಾಡದೆ ಇದ್ದರೆ ಕ್ಯಾಮ್ ತಡವಾಗಿದೆ. ಇದನ್ನು ಬರಿಗಣ್ಣಿನಿಂದ ಯಾರು ಬೇಕಾದರೂ ನೋಡಬಹುದು.

ಹಂತ 5. ಟೇಪಿನ ಅಳತೆ. ಫ್ಲೈವೀಲಿನ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. 180 ಸೆಂ.ಮೀ. ಬಂದರೆ ಲೆಕ್ಕ ಸುಲಭ: 1 ಸೆಂ.ಮೀ. ಅಂದರೆ 2 ಡಿಗ್ರಿ. ಬೇರೆ ಅಳತೆ ಬಂದರೆ ಅದನ್ನು 360ರಿಂದ ಭಾಗಿಸಿ, ಒಂದು ಡಿಗ್ರಿಗೆ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಈಗ ಕೂಡು ತುದಿಗಿಂತ ಕಾಲು ಸುತ್ತು ಹಿಂದಿನಿಂದ ಒಬ್ಬರು ಫ್ಲೈವೀಲನ್ನು ಮೆಲ್ಲಗೆ ತಿರುಗಿಸಲಿ. ಇನ್ನೊಬ್ಬರು ಗಾಳಿ ವಾಲ್ವಿನ ಪುಶ್‌ರಾಡನ್ನು ಎರಡು ಬೆರಳಿನಿಂದ ಬತ್ತಿ ಹೊಸೆದಂತೆ ಹೊರಳಿಸುತ್ತಿರಲಿ. ಅದು ಬಿಗಿಯಾದ ಕ್ಷಣವೇ ವಾಲ್ವ್ ತೆರೆಯತೊಡಗಿದ ಕ್ಷಣ. ಅಲ್ಲಿ ನಿಲ್ಲಿಸಿ, ಮುಳ್ಳಿನ ಎದುರಿಗೆ ಫ್ಲೈವೀಲ್ ಮೇಲೆ ಸುಣ್ಣದ ಗೀರು ಹಾಕಿ. ಆ ಗೀರಿಗೂ ಪಿಸ್ಟನ್ ತುದಿಯ ಗೆರೆಗೂ ನಡುವೆ ಎಷ್ಟು ಸೆಂ.ಮೀ. ಇದೆ ಅಳೆಯಿರಿ. ಗೆರೆ ಮುಳ್ಳಿಗೆ ಇನ್ನೂ ಬಂದಿಲ್ಲದಿದ್ದರೆ "ಮುಂಚೆ", ದಾಟಿ ಹೋಗಿದ್ದರೆ "ತಡ" ಎಂದು ಬರೆಯಿರಿ. ತಿರುಗಿಸುವಾಗ ಕೈ ಮೀರಿ ಮುಂದೆ ಹೋದರೆ ಸ್ವಲ್ಪವೇ ಹಿಂದೆ ತರಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಇಲ್ಲದಿದ್ದರೆ ಗಿಯರ್ ಹಲ್ಲುಗಳ ನಡುವಿನ ಸಡಿಲು ಅಳತೆ ಕೆಡಿಸುತ್ತದೆ.

ಗಾಳಿ ವಾಲ್ವ್ 4–5 ಡಿಗ್ರಿ ಮುಂಚೆ ತೆರೆಯಬೇಕಾದ ಇಂಜಿನ್ ಆಗಿದ್ದರೆ ನಮ್ಮ ಲೆಕ್ಕದ ಫ್ಲೈವೀಲ್ ಮೇಲೆ ಅದು ಸುಮಾರು 2 ಸೆಂ.ಮೀ. ಮುಂಚೆ. ಒಂದು ಹಲ್ಲಿನ ತಪ್ಪು 7 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಇಷ್ಟು ದೊಡ್ಡ ವ್ಯತ್ಯಾಸ ಟೇಪಿನ ಕಣ್ಣಿಗೆ ತಪ್ಪುವುದಿಲ್ಲ.

ಹಂತ 6. ಸರಿಪಡಿಸುವುದು. ಟೇಪು ತಪ್ಪು ತೋರಿಸಿದರೆ ಗಿಯರಿನ ಮುಚ್ಚಳ ಬಿಚ್ಚಿಸಿ, ಗುರುತು ನೋಡಿ, ಹಲ್ಲು ಸರಿಯಾಗಿ ಕೂಡಿಸಬೇಕು. ಆಮೇಲೆ 1ರಿಂದ 5ರವರೆಗಿನ ಹಂತಗಳನ್ನು ಮತ್ತೆ ಮಾಡಬೇಕು. ಡೀಸೆಲ್ ಚಿಮ್ಮುವ ಹೊತ್ತನ್ನು ಕೊನೆಗೆ ನೋಡಬೇಕು. ಪಂಪಿನ ಕೆಳಗೆ ಹಾಕುವ ತೆಳು ತಗಡಿಗೆ ಶಿಮ್ ಎನ್ನುತ್ತಾರೆ. ಶಿಮ್ ತೆಗೆದರೆ ಡೀಸೆಲ್ ಮುಂಚೆ ಚಿಮ್ಮುತ್ತದೆ, ಸೇರಿಸಿದರೆ ತಡವಾಗಿ ಚಿಮ್ಮುತ್ತದೆ. ಆದರೆ ಶಿಮ್ ಡೀಸೆಲ್ ಹೊತ್ತನ್ನು ಮಾತ್ರ ಬದಲಿಸುತ್ತದೆ, ವಾಲ್ವ್‌ಗಳನ್ನು ಮುಟ್ಟುವುದಿಲ್ಲ. ಹಲ್ಲಿನ ತಪ್ಪನ್ನು ಶಿಮ್‌ನಿಂದ ಮುಚ್ಚಲು ಹೋದರೆ ಹೊಗೆ ಸ್ವಲ್ಪ ಕಡಿಮೆ ಆದೀತು, ಬಲ ಬರುವುದಿಲ್ಲ.

ಗುರುತೇ ಸುಳ್ಳು ಹೇಳಿದಾಗ

ಕೆಲವು ಸಲ ಗುರುತುಗಳನ್ನೇ ನಂಬುವಂತಿಲ್ಲ. ಮೂರು ಕಡೆ ನೋಡಬೇಕು.

- ಹೊಸ ಗಿಯರಿಗೆ ಗುರುತೇ ಇಲ್ಲದಿರಬಹುದು. ಹಳೆಯ ಗಿಯರ್ ಪಕ್ಕದಲ್ಲಿಟ್ಟು, ಕೀ ಕೂರುವ ಗಾಡಿಯಿಂದ ಹಲ್ಲು ಎಣಿಸಿ, ಅದೇ ಜಾಗಕ್ಕೆ ಗುರುತು ಹಾಕಬೇಕು. ಅದಕ್ಕೇ ಹಳೆಯ ಭಾಗ ಗುಜರಿಗೆ ಹಾಕುವ ಅವಸರ ಬೇಡ.
- ಫ್ಲೈವೀಲ್ ಬದಲಾಗಿದ್ದರೆ, ಇಲ್ಲವೇ ಅದರ ಕೀ ಸವೆದು ಫ್ಲೈವೀಲ್ ಜರುಗಿದ್ದರೆ ಗೆರೆ ಸುಳ್ಳಾಗುತ್ತದೆ. ಹೆಡ್ ಕೂಡಿಸುವ ಮೊದಲೇ ಇದನ್ನು ನೋಡಿಕೊಳ್ಳಿ. ಪಿಸ್ಟನ್ ಮೇಲೆ ಬರುವಾಗ ಬ್ಲಾಕಿನ ಅಂಚಿಗಿಂತ 1 ಸೆಂ.ಮೀ. ಕೆಳಗಿದ್ದಾಗ ಫ್ಲೈವೀಲಿಗೆ ಒಂದು ಗೀರು. ತುದಿ ದಾಟಿ ಇಳಿಯುವಾಗ ಮತ್ತೆ ಅಷ್ಟೇ ಕೆಳಗಿದ್ದಾಗ ಇನ್ನೊಂದು ಗೀರು. ಎರಡು ಗೀರುಗಳ ನಟ್ಟನಡುವೆ ಇರುವುದೇ ನಿಜವಾದ ತುದಿ.
- ಕ್ಯಾಮ್‌ಶಾಫ್ಟಿನ ಉಬ್ಬು ಸವೆದಿದ್ದರೆ ಗುರುತು ಸರಿ ಕೂಡಿದರೂ ವಾಲ್ವ್ ಪೂರಾ ತೆರೆಯುವುದಿಲ್ಲ. ಉಬ್ಬಿನ ಮೂಗು ಚಪ್ಪಟೆಯಾಗಿದೆಯೇ, ಬೆರಳಿಗೆ ಗೆರೆ ತಾಗುತ್ತದೆಯೇ ನೋಡಿ.

ಟ್ರ್ಯಾಕ್ಟರಿಗೂ ಇದೇ, ಓಟದ ಕಾರಿಗೂ ಇದೇ

ಈ ಪಾಠ ಬರೀ ಗಿರಣಿಗಲ್ಲ. ಹೆಚ್ಚಿನ ಟ್ರ್ಯಾಕ್ಟರ್, ನೀರೆತ್ತುವ ಇಂಜಿನ್, ಮೋಟಾರ್ ಸೈಕಲ್‌ಗಳಲ್ಲೂ ಕ್ಯಾಮ್‌ಶಾಫ್ಟ್ ಇದೆ. ಕೆಲವಕ್ಕೆ ಗಿಯರ್, ಕೆಲವಕ್ಕೆ ಚೈನು, ಅನೇಕ ಕಾರುಗಳಲ್ಲಿ ರಬ್ಬರಿನ ಹಲ್ಲುಪಟ್ಟಿ. ಆ ಪಟ್ಟಿಯನ್ನು ಕಂಪನಿ ಹೇಳಿದ ಅವಧಿಗೆ ಬದಲಿಸದೆ ಬಿಟ್ಟು ಅದು ಹರಿದರೆ, ಅನೇಕ ಇಂಜಿನ್‌ಗಳಲ್ಲಿ ವಾಲ್ವ್‌ಗಳು ಬಾಗಿಹೋಗುತ್ತವೆ.

ದುಬಾರಿ ಓಟದ ಕಾರುಗಳಲ್ಲಿ ಎರಡು ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆಯೇ ಇರುತ್ತವೆ. ಇಂಜಿನ್ ಮಿನಿಟಿಗೆ 7000 ಸುತ್ತು ತಿರುಗಿದರೆ ಪ್ರತಿ ವಾಲ್ವ್ 3500 ಸಲ ತೆರೆಯಬೇಕು. ಅಲ್ಲಿ ಹೆಡ್ಡನ್ನು ಸ್ವಲ್ಪ ತರಿದು ಮಟ್ಟ ಮಾಡಿದರೂ ಕ್ಯಾಮ್ ಕೆಳಗಿಳಿದು, ಚೈನಿನ ಎಳೆತ ಬದಲಾಗಿ ಟೈಮಿಂಗ್ ತುಸು ಜರುಗುತ್ತದೆ. ಅಂಥ ಇಂಜಿನ್ ಕಟ್ಟುವವರು ಕ್ರ್ಯಾಂಕ್‌ಶಾಫ್ಟಿಗೆ 360 ಗೆರೆಗಳ ದುಂಡು ತಗಡು ಸಿಗಿಸಿ ಡಿಗ್ರಿ ಎಣಿಸುತ್ತಾರೆ. ನಾವು ಫ್ಲೈವೀಲಿಗೆ ಟೇಪು ಸುತ್ತಿ ಮಾಡಿದ್ದೂ ಅದೇ ಕೆಲಸ. ಅವರೂ ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಿಯೇ ಚಾವಿ ಹಾಕುತ್ತಾರೆ.

ಕಟ್ಟಿಸುವಾಗ ಸಂಘ ಏನು ಮಾಡಬೇಕು?

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಮಾತು ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಇಂಜಿನ್ ಕಟ್ಟಿಸುವುದಕ್ಕೂ ಅದು ಒಪ್ಪುವ ಮಾತು.

1. ಬಿಚ್ಚುವ ಮೊದಲು ಠರಾವು ಬರೆಯಿರಿ: ಏನು ದೋಷ, ಯಾವ ಭಾಗ ಬದಲಿಸಬೇಕು, ಮಜೂರಿ ಎಷ್ಟು.
2. ಬಿಚ್ಚುವಾಗ ಇಬ್ಬರು ಸದಸ್ಯೆಯರು ಹಾಜರಿರಲಿ. ಗಿಯರ್ ಮುಚ್ಚಳ ತೆಗೆದ ಕೂಡಲೇ ಗುರುತುಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ. ಗುರುತು ಇಲ್ಲದಿದ್ದರೆ ಬಿಚ್ಚುವ ಮೊದಲೇ ಹಾಕಿಸಿ.
3. ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿ ಸಂಘದಲ್ಲೇ ಇಟ್ಟುಕೊಳ್ಳಿ.
4. ಮಜೂರಿಯ ನಾಲ್ಕರಲ್ಲಿ ಒಂದು ಪಾಲನ್ನು ಪರೀಕ್ಷೆ ಮುಗಿದ ಮೇಲೆ ಕೊಡುತ್ತೇವೆ ಎಂದು ಮೊದಲೇ ಮಾತಾಡಿಕೊಳ್ಳಿ. ಪ್ರಾಮಾಣಿಕ ಮಿಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.
5. ಗಿರಣಿಯಲ್ಲಿ ಒಂದು ನೋಟ್‌ಬುಕ್ ಇಡಿ. ದಿನವೂ ಮೂರೇ ಅಂಕಿ: ಎಷ್ಟು ಲೀಟರ್, ಎಷ್ಟು ತಾಸು, ಎಷ್ಟು ಕಿಲೋ ಬೀಸಿದ್ದು.
6. ಇಂಜಿನ್ ನಡೆಯುವಾಗ ಬಾಗಿಲು, ಕಿಟಕಿ ತೆರೆದಿರಲಿ. ಹೊಗೆಯ ಕೊಳವೆ ಗೋಡೆಯ ಹೊರಗೆ ಇರಲಿ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಜೀವ ತೆಗೆಯಬಲ್ಲದು. ಪಟ್ಟಾಕ್ಕೆ ಜಾಲರಿ ಮರೆ ಕಟ್ಟಿಸಿ.

ಕಥೆಯ ಕೊನೆ

ಆ ದಿನ ಸಭೆಯಲ್ಲಿ ನಾವು ಯಾರ ಮೇಲೂ ಮಾತು ಎತ್ತಲಿಲ್ಲ. "ಮೊದಲು ಒಂದು ಲೀಟರ್ ಅಳೆದು ಹಾಕೋಣ, ಗಡಿಯಾರ ನೋಡೋಣ" ಅಂದೆವು. ಎಲ್ಲರ ಕಣ್ಣೆದುರಿಗೇ ಒಂದು ಲೀಟರ್ ಹಾಕಿ ಜೋಳ ಬೀಸಿದರು. 42 ಮಿನಿಟಿಗೆ ಇಂಜಿನ್ ನಿಂತಿತು. 10 ಲೀಟರಿಗೆ ಲೆಕ್ಕ ಹಾಕಿದರೆ 420 ಮಿನಿಟು, ಅಂದರೆ ಸರಿಯಾಗಿ 7 ತಾಸು. ಮೂರು ಲೀಟರ್ ಯಾರ ಮನೆಗೂ ಹೋಗಿರಲಿಲ್ಲ. ಹೊಗೆಯಾಗಿ ಹೋಗಿತ್ತು.

ಮರುದಿನ ಬೇರೆ ಊರಿನ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆಸಿದೆವು. ಇಂಜಿನ್ ತಣ್ಣಗಾದ ಮೇಲೆ ಅವರು ಪುಶ್‌ರಾಡ್ ಹಿಡಿದರು. ಸಂಘದಲ್ಲಿ ಹೊಲಿಗೆ ಮಾಡುವ ತಂಗಿಯೊಬ್ಬಳು ಟೇಪು ಹಿಡಿದಳು. ಫ್ಲೈವೀಲಿನ ಸುತ್ತಳತೆ 180 ಸೆಂ.ಮೀ. ಇತ್ತು. ಗಾಳಿ ವಾಲ್ವ್ 2 ಸೆಂ.ಮೀ. ಮುಂಚೆ ತೆರೆಯಬೇಕಾದದ್ದು 5 ಸೆಂ.ಮೀ. ತಡವಾಗಿ ತೆರೆಯುತ್ತಿತ್ತು. "ಏಳು ಸೆಂಟಿಮೀಟರ್ ಫರಕ್ ಐತ್ರೀ" ಅಂದಳು. ಮುಚ್ಚಳ ಬಿಚ್ಚಿದರು. ಹೊಸ ಗಿಯರಿಗೆ ಗುರುತೇ ಇರಲಿಲ್ಲ. ಮೊದಲ ಮಿಸ್ತ್ರಿ ಕಣ್ಣಂದಾಜಿನಲ್ಲಿ ಕೂಡಿಸಿದ್ದ, ಒಂದು ಹಲ್ಲು ಹಿಂದಾಗಿತ್ತು. ಮೋಸ ಮಾಡುವ ಮನಸ್ಸು ಅವನಿಗೆ ಇತ್ತು ಅಂತ ನಾವು ಹೇಳುವುದಿಲ್ಲ. ಎರಡು ಸುತ್ತು ಕೈಯಿಂದ ತಿರುಗಿಸಿ ಅಳೆದು ನೋಡುವಷ್ಟು ಸೈರಣೆ ಇರಲಿಲ್ಲ, ಅಷ್ಟೇ.

ಹಲ್ಲು ಸರಿಪಡಿಸಿ, ಗುರುತು ಹಾಕಿ, ತೆಗೆದಿದ್ದ ಶಿಮ್ ಮತ್ತೆ ಹಾಕಿ ಡೀಸೆಲ್ ಹೊತ್ತು ನೋಡಿದ ಮೇಲೆ ಇಂಜಿನ್ ಎರಡನೇ ಹ್ಯಾಂಡಲಿಗೇ ಹತ್ತಿತು. ಸಂಜೆ ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರೂ ಆ ಅಕ್ಕನ ಮನೆಗೆ ಹೋಗಿ ಕೀಲಿಕೈ ಮುಂದಿಟ್ಟು, "ನಮ್ಮದು ತಪ್ಪಾತು, ಅಕ್ಕಾ" ಅಂದರು. ಆಕೆ ಕೂಡಲೇ ಕೀಲಿಕೈ ತೆಗೆದುಕೊಳ್ಳಲಿಲ್ಲ. ಮುಂದಿನ ಸಭೆಯಲ್ಲಿ, ಎಲ್ಲರೆದುರಿಗೆ, ಠರಾವು ಪುಸ್ತಕದಲ್ಲಿ ಬರೆಯಿಸಿಕೊಂಡು ತೆಗೆದುಕೊಂಡಳು. ಅದು ಸರಿಯಾದದ್ದೇ. ಅನುಮಾನ ಸಭೆಯಲ್ಲಿ ಹುಟ್ಟಿತ್ತು, ಸಭೆಯಲ್ಲೇ ಅಳಿಯಬೇಕಿತ್ತು.

ಇಂಜಿನ್‌ನ ಹಲ್ಲು ತಪ್ಪಿದರೆ ಒಂದು ದಿನದಲ್ಲಿ ಸರಿ ಮಾಡಬಹುದು. ಸಂಘದ ನಂಬಿಕೆಯ ಹಲ್ಲು ಜರುಗಿದರೆ ಸರಿ ಮಾಡಲು ಬಹಳ ದಿನ ಬೇಕು. ಆದ್ದರಿಂದ ಸಹೋದರಿಯರೇ, ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ಅಳತೆ ಮಾಡೋಣ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಅಥವಾ ನಮ್ಮ ಮನೆಯ ಯಾವ ಯಂತ್ರದಲ್ಲಿ ಕ್ಯಾಮ್‌ಶಾಫ್ಟ್ ಇದೆ? ಅದನ್ನು ಕೊನೆಗೆ ಯಾವಾಗ ಬಿಚ್ಚಿ ಕಟ್ಟಿಸಿದೆವು?
2. ಒಂದು ಫ್ಲೈವೀಲಿನ ಸುತ್ತಳತೆ 216 ಸೆಂ.ಮೀ. ಇದ್ದರೆ 10 ಡಿಗ್ರಿಗೆ ಎಷ್ಟು ಸೆಂ.ಮೀ.? (ಉತ್ತರ: 6 ಸೆಂ.ಮೀ.)
3. ಲೆಕ್ಕ ಹೊಂದದಿದ್ದಾಗ ನಮ್ಮ ಸಂಘದಲ್ಲಿ ಯಾರನ್ನಾದರೂ ಪರೀಕ್ಷೆ ಮಾಡದೆ ಸಂಶಯಪಟ್ಟಿದ್ದೇವೆಯೇ? ಅದನ್ನು ಹೇಗೆ ಸರಿಪಡಿಸಿಕೊಂಡೆವು?

ಈ ತಿಂಗಳ ಕೆಲಸ: ಗಿರಣಿ, ಪಂಪು, ಶ್ಯಾವಿಗೆ ಯಂತ್ರ ಯಾವುದೇ ಇರಲಿ, ಅದಕ್ಕೊಂದು ನೋಟ್‌ಬುಕ್ ಶುರು ಮಾಡಿ, ಮುಂದಿನ ಸಭೆಗೆ ತನ್ನಿ. ನಿಮ್ಮ ದುಡಿಮೆಯ ಮೇಲೆ ದೇವರ ಆಶೀರ್ವಾದವಿರಲಿ.